ಪಾನಕ ಕುಡಿದ ದಿನದ ಹೊಟ್ಟೆನೋವು

 

ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಎರಡು ದಿನ ಕಾಡಿತು. ಐದನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು. "ತಾತ, ಅಮ್ಮನಿಗೆ ಈಗ ಏಳು ತಿಂಗಳು. ಸ್ಕ್ಯಾನ್ ಮಾಡಿದಾಗ ಪಾಪುವಿನ ಒಂದು ಕಿಡ್ನಿ ಊದಿಕೊಂಡಿದೆ ಅಂದರಂತೆ. ಅಜ್ಜಿ ದೇವರ ಮನೆಯಲ್ಲಿ ಕೂತು ಅಳುತ್ತಾರೆ. ಗ್ರಹಣದ ದಿನ ಅಮ್ಮ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಅಂತ ಪಕ್ಕದ ಮನೆಯವರು ಹೇಳಿದರು. ಆವತ್ತು ಅಮ್ಮನನ್ನು ಹೊರಗೆ ಕರೆದವಳು ನಾನೇ. ಪಾಪುಗೆ ಏನಾಗುತ್ತೆ? ಕಿಡ್ನಿ ಯಾಕೆ ಊದುತ್ತೆ?"

ಪುಟ್ಟಿ, ಮೊದಲು ಒಂದು ಮಾತು. ಇದು ನಿನ್ನಿಂದ ಆದದ್ದಲ್ಲ. ನಿನ್ನ ಅಮ್ಮನಿಂದ ಆದದ್ದೂ ಅಲ್ಲ. ಗ್ರಹಣಕ್ಕೂ ಕಿಡ್ನಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಓದಿದ ಮೇಲೆ ಅಜ್ಜಿಗೂ ಓದಿ ಹೇಳು. ನಿನ್ನ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮುಂಚೆ ನನ್ನ ಕೈಯಿಂದಲೇ ಆದ ಒಂದು ತಪ್ಪಿನ ಕಥೆ ಹೇಳಬೇಕು. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಹುಡುಗನನ್ನು ಪುಟ್ಟ ಅನ್ನೋಣ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಾಗ ತಿಪಟೂರು ಸೀಮೆಯ ಒಂದು ಊರಿನಲ್ಲಿ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದೆ. ಸುತ್ತ ತೆಂಗಿನ ತೋಟ. ಪುಟ್ಟ ನಾಲ್ಕನೇ ತರಗತಿ. ದೀಪಾವಳಿ ಕಳೆದ ಮಾರನೆಯ ದಿನ ಅವನ ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡೇ ಬಂದರು. ಒಂಬತ್ತು ವರ್ಷದ ಹುಡುಗನನ್ನು ಸೊಂಟದ ಮೇಲೆ ಹೊತ್ತು ತರಬೇಕಾದರೆ ಎಷ್ಟು ನೋವಿರಬೇಕು ನೋಡಿ. ಹೊಕ್ಕುಳ ಹತ್ತಿರ ಕೈ ಇಟ್ಟುಕೊಂಡು ಅಳುತ್ತಿದ್ದ, ಎರಡು ಸಲ ವಾಂತಿ ಮಾಡಿದ್ದ. ಹೊಟ್ಟೆ ಮುಟ್ಟಿ ನೋಡಿದೆ. ಹಬ್ಬದಲ್ಲಿ ಸಿಕ್ಕಿದ್ದೆಲ್ಲ ತಿಂದಿದ್ದಾನೆ ಅಂದುಕೊಂಡು ಜಂತುಹುಳದ ಮಾತ್ರೆ ಕೊಟ್ಟು ಕಳಿಸಿದೆ. ಸಂಜೆಗೆ ನೋವು ತಾನೇ ಹೋಯಿತು. ಔಷಧಿ ಕೆಲಸ ಮಾಡಿತು ಅಂತ ನಾನೂ ನಂಬಿದೆ, ಅವರೂ ನಂಬಿದರು.

ಸಂಕ್ರಾಂತಿ ಆದ ಮೇಲೆ ಮತ್ತೆ ಬಂದ. ಅದೇ ನೋವು, ಅದೇ ವಾಂತಿ. ಆವತ್ತು ಸೋಮವಾರ. ಅವನ ಅಪ್ಪ ಹೇಳಿದರು, "ಡಾಕ್ಟ್ರೇ, ಇವನದ್ದು ಸ್ಕೂಲಿಗೆ ಹೋಗೋ ನೋವು. ಮಧ್ಯಾಹ್ನದ ಹೊತ್ತಿಗೆ ಗೋಲಿ ಆಡ್ತಿರ್ತಾನೆ ನೋಡಿ." ನಾನು ನಕ್ಕೆ. ಪುಟ್ಟನ ಕಡೆ ಬೆರಳು ತೋರಿಸಿ, "ಕಳ್ಳ, ನೀರು ಚೆನ್ನಾಗಿ ಕುಡಿ, ಎಲ್ಲಾ ಸರಿಹೋಗುತ್ತೆ" ಅಂದೆ. ಅವನು ನನ್ನನ್ನೇ ನೋಡುತ್ತಾ ಸುಮ್ಮನೆ ನಿಂತಿದ್ದ. ಆ ನೋಟ ಇವತ್ತಿಗೂ ಮರೆತಿಲ್ಲ. ನೋವು ಅಂತ ಹೇಳಿದರೂ ದೊಡ್ಡವರು ನಂಬುವುದಿಲ್ಲ ಅಂತ ಆ ಹುಡುಗ ಅವತ್ತು ಕಲಿತ. ಕಲಿಸಿದವನು ನಾನು.

ಮೂರನೆಯ ಸಲ ಬಂದದ್ದು ರಾಮನವಮಿಯ ದಿನ. ಬಿಸಿಲು ಸುಡುತ್ತಿತ್ತು. ದೇವಸ್ಥಾನದ ಮುಂದೆ ದೊಡ್ಡ ಕೊಳದಪ್ಪಲೆಯಲ್ಲಿ ಬೆಲ್ಲದ ಪಾನಕ. ಪುಟ್ಟ ಸ್ನೇಹಿತರ ಜೊತೆ ಪಂದ್ಯ ಕಟ್ಟಿ ಆರು ಲೋಟ ಕುಡಿದಿದ್ದ. ಅದರ ಮೇಲೆ ನೀರುಮಜ್ಜಿಗೆ. ಒಂದು ಗಂಟೆ ಆಗುವಷ್ಟರಲ್ಲಿ ನೆಲದ ಮೇಲೆ ಉರುಳಾಡುತ್ತಿದ್ದ. ಪಾನಕದಿಂದ ಹೊಟ್ಟೆ ಕೆಟ್ಟಿತು ಅಂತ ಎಲ್ಲರೂ ಅಂದರು. ನಾನೂ ಹಾಗೇ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅಜ್ಜಿ ಸೆರಗಿನ ತುದಿಯಲ್ಲಿ ಕಣ್ಣು ಒರೆಸಿಕೊಂಡು ಹೇಳಿದರು.

"ಡಾಕ್ಟ್ರೇ, ಓದದೆ ಇರೋ ಮುದುಕಿ ಹೇಳ್ತೀನಿ, ಬೈಬೇಡಿ. ಊರಲ್ಲಿ ಎಲ್ಲಾ ಮಕ್ಕಳೂ ಅದೇ ಪಾನಕ ಕುಡಿದವೆ. ಯಾರಿಗೂ ಏನೂ ಆಗಿಲ್ಲ. ಈ ಹುಡುಗ ಜಾಸ್ತಿ ಕುಡಿದ ದಿನವೇ ನೋವು ಬರೋದು. ದೀಪಾವಳೀಲಿ ತೋಟದಲ್ಲಿ ಎಳನೀರು ಕೆಡವಿದ್ವಿ, ಮೂರು ಕುಡಿದಿದ್ದ. ಸಂಕ್ರಾಂತೀಲಿ ಕಬ್ಬಿನ ಹಾಲು. ಈವತ್ತು ಪಾನಕ. ಉಷ್ಣ ಆಗೈತೆ ಅಂತ ನಾನು ಎಳನೀರು ಕುಡಿಸಿದಷ್ಟೂ ಇನ್ನೂ ಒದ್ದಾಡ್ತಾನೆ. ಇದು ತಿಂದಿದ್ದರ ನೋವಲ್ಲ, ಕುಡಿದಿದ್ದರ ನೋವು."

ಕುಡಿದಿದ್ದರ ನೋವು! ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ವೈದ್ಯಕೀಯ ಕಾಲೇಜಿನಲ್ಲಿ ಓದಿದ ಒಂದು ಹೆಸರು ನೆನಪಾಯಿತು. ಯೂಸೆಫ್ ಡೀಟ್ಲ್. ಪೋಲೆಂಡಿನ ಕ್ರಾಕೋ ಊರಿನ ವೈದ್ಯರು, ಆಮೇಲೆ ಅದೇ ಊರಿನ ಮೇಯರ್ ಕೂಡ ಆದವರು. 1864ರಲ್ಲಿ ಅವರು ಇಂಥ ನೋವಿನ ಬಗ್ಗೆ ಬರೆದರು. ತಟ್ಟನೆ ಬರುವ ಹೊಟ್ಟೆನೋವು, ಜೊತೆಗೆ ವಾಂತಿ, ಕೆಲವು ಗಂಟೆಗಳಲ್ಲಿ ತಾನೇ ಮಾಯ. ಕಿಡ್ನಿ ಜಾಗ ಬಿಟ್ಟು ಜಾರುವುದರಿಂದ ಹೀಗಾಗುತ್ತದೆ ಅಂತ ಅವರು ತಿಳಿದಿದ್ದರು. ಕಿಡ್ನಿಯಿಂದ ಮೂತ್ರ ಇಳಿಯುವ ದಾರಿ ಆಗಾಗ ಕಟ್ಟಿಕೊಂಡಾಗ ಇಂಥ ನೋವು ಬರುತ್ತದೆ ಅಂತ ಈಗ ಗೊತ್ತು. ಹೆಚ್ಚು ನೀರು ಕುಡಿದಾಗ ನೋವು ಕೆರಳುವುದು ಇದರ ದೊಡ್ಡ ಗುರುತು. ಪುಸ್ತಕ ಓದಿದ ನಾನು ಎರಡು ಸಲ ತಪ್ಪಿದ್ದನ್ನು ಅಕ್ಷರ ಬಾರದ ಅಜ್ಜಿ ಹಬ್ಬಗಳ ಲೆಕ್ಕ ಇಟ್ಟು ಹಿಡಿದಿದ್ದರು.

ಆಗಲೇ, ನೋವು ಇರುವಾಗಲೇ, ತಿಪಟೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದೆ. ಇದು ಮುಖ್ಯ. ನೋವು ಹೋದ ಮೇಲೆ ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಊತ ಇಳಿದಿರುತ್ತದೆ, ಎಲ್ಲ ಸರಿ ಇದೆ ಅನ್ನಿಸಬಹುದು. ಪುಟ್ಟನ ಸ್ಕ್ಯಾನಿನಲ್ಲಿ ಎರಡು ವಿಷಯ ಕಂಡವು. ಎಡಗಡೆಯ ಕಿಡ್ನಿ ನೀರು ತುಂಬಿದ ಬಲೂನಿನ ಹಾಗೆ ಊದಿತ್ತು. ಇನ್ನೊಂದು, ಎಡ ಬಲ ಎರಡು ಕಿಡ್ನಿಗಳೂ ಕೆಳತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕುದುರೆಯ ಲಾಳದ ಆಕಾರದಲ್ಲಿದ್ದವು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಕಿಡ್ನಿ ಅಂದರೇನು ಅಂತ ನೋಡಿಬಿಡೋಣ.

ನಿಮ್ಮ ಕೈ ಮುಷ್ಟಿ ಕಟ್ಟಿ. ಹೆಚ್ಚು ಕಡಿಮೆ ಅಷ್ಟೇ ದೊಡ್ಡದು ನಿಮ್ಮ ಒಂದು ಕಿಡ್ನಿ. ಹುರುಳಿಕಾಯಿಯ ಬೀಜದ ಆಕಾರ. ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಹತ್ತಿರ, ಆ ಕಡೆ ಒಂದು ಈ ಕಡೆ ಒಂದು. ಒಂದೊಂದರಲ್ಲೂ ಸುಮಾರು 10 ಲಕ್ಷ ಪುಟಾಣಿ ಜರಡಿಗಳಿವೆ. ದೊಡ್ಡವರ ಎರಡು ಕಿಡ್ನಿಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದದ್ದನ್ನೆಲ್ಲ ಮತ್ತೆ ರಕ್ತಕ್ಕೆ ಕೊಟ್ಟು, ಬೇಡದ್ದನ್ನು ಒಂದೂವರೆ ಲೀಟರಿನಷ್ಟು ಮೂತ್ರ ಮಾಡಿ ಕಳಿಸುತ್ತವೆ. ಕೊಡಪಾನದಲ್ಲಿ ಲೆಕ್ಕ ಹಾಕಿ ನೋಡಿ, ಎಷ್ಟು ಕೊಡ ನೀರು ಸೋಸಿದ ಹಾಗಾಯಿತು ಅಂತ!

ಸೋಸಿದ ಮೂತ್ರ ಕಿಡ್ನಿಯ ಒಳಗಿನ ಒಂದು ಆಲಿಕೆಗೆ ಬಂದು ಬೀಳುತ್ತದೆ. ಎಣ್ಣೆಯನ್ನು ಸೀಸೆಗೆ ಬಗ್ಗಿಸುವಾಗ ಅಜ್ಜಿ ಇಡುತ್ತಾರಲ್ಲ, ಅಂಥದ್ದೇ ಆಲಿಕೆ. ಆಲಿಕೆಯ ಕೆಳಗೆ ಮೂತ್ರನಾಳ ಅನ್ನುವ ಸಣ್ಣ ಕೊಳವೆ. ದೊಡ್ಡವರಲ್ಲಿ ಅದರ ಉದ್ದ 25ರಿಂದ 30 ಸೆಂಟಿಮೀಟರ್, ಸುಮಾರು ನಿಮ್ಮ ಸ್ಕೇಲಿನಷ್ಟು. ಈ ಕೊಳವೆ ಸುಮ್ಮನೆ ಇರುವುದಿಲ್ಲ. ಹಾವು ನುಂಗಿದ್ದನ್ನು ಒಳಗೆ ಒತ್ತಿಕೊಂಡು ಹೋಗುವ ಹಾಗೆ ಅಲೆ ಅಲೆಯಾಗಿ ಕುಗ್ಗುತ್ತಾ ಮೂತ್ರವನ್ನು ಕೆಳಗಿನ ಮೂತ್ರಕೋಶಕ್ಕೆ ತಳ್ಳುತ್ತದೆ. ನೀವು ಮಲಗಿದ್ದರೂ ಸರಿ, ತಲೆಕೆಳಗಾಗಿ ನಿಂತರೂ ಸರಿ, ಅದರ ಕೆಲಸ ನಡೆಯುತ್ತಲೇ ಇರುತ್ತದೆ.

ಕೆಲವು ಮಕ್ಕಳಲ್ಲಿ ಆಲಿಕೆಯೂ ಕೊಳವೆಯೂ ಕೂಡುವ ಜಾಗ ಹುಟ್ಟುವಾಗಲೇ ಕಿರಿದಾಗಿರುತ್ತದೆ. ಅಲ್ಲಿನ ಸ್ನಾಯು ಸರಿಯಾಗಿ ಬೆಳೆದಿರುವುದಿಲ್ಲ, ಇಲ್ಲವೇ ಒಂದು ರಕ್ತನಾಳ ಅಡ್ಡ ಹಾದು ಒತ್ತುತ್ತಿರುತ್ತದೆ. ಹುಡುಗರಲ್ಲಿ ಇದು ಹೆಚ್ಚು, ಅದರಲ್ಲೂ ಎಡಗಡೆ ಹೆಚ್ಚು.

ಇನ್ನು ಲಾಳದ ಕಿಡ್ನಿಯ ವಿಷಯ. ಮಗು ತಾಯಿಯ ಹೊಟ್ಟೆಯಲ್ಲಿ ಹುರುಳಿಕಾಳಿನಷ್ಟು ಇರುವಾಗಲೇ ಕಿಡ್ನಿಗಳು ಹುಟ್ಟುತ್ತವೆ. ಹುಟ್ಟುವುದು ಬೆನ್ನಿನ ಹತ್ತಿರ ಅಲ್ಲ, ಕೆಳಗೆ ಸೊಂಟದ ಗುಳಿಯಲ್ಲಿ. ಆರನೇ ವಾರದಿಂದ ಒಂಬತ್ತನೇ ವಾರದ ಒಳಗೆ ಎರಡೂ ಮೆಲ್ಲಗೆ ಮೇಲಕ್ಕೆ ಹತ್ತಿ ತಮ್ಮ ಜಾಗ ಸೇರುತ್ತವೆ. ಹತ್ತುವ ಮುಂಚೆ ಎರಡೂ ಒಂದಕ್ಕೊಂದು ತಾಗಿ ಅಂಟಿಕೊಂಡರೆ ಲಾಳದ ಆಕಾರ ಬರುತ್ತದೆ. ಅಂಟಿದ ಭಾಗ ಮೇಲೇರುವಾಗ ಹೊಟ್ಟೆಯ ಒಂದು ದೊಡ್ಡ ರಕ್ತನಾಳ ಅಡ್ಡ ಸಿಗುತ್ತದೆ, ಅಲ್ಲೇ ನಿಂತುಬಿಡುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಎಷ್ಟೋ ಜನ ಗೊತ್ತೇ ಆಗದೆ ಎಂಬತ್ತು ವರ್ಷ ಬದುಕುತ್ತಾರೆ. ಆದರೆ ಇಂಥ ಕಿಡ್ನಿಯಲ್ಲಿ ಕೊಳವೆ ಆಲಿಕೆಯ ತಳದಿಂದ ಹೊರಡದೆ ಮೇಲಿನಿಂದ ಹೊರಟು, ಅಂಟಿದ ಭಾಗವನ್ನು ದಾಟಿ ಕೆಳಗಿಳಿಯಬೇಕು. ಏರಿ ಇಳಿಯುವ ಕಾಲುವೆಯಲ್ಲಿ ನೀರು ನಿಲ್ಲುವ ಹಾಗೆ ಇಲ್ಲಿ ಮೂತ್ರ ನಿಲ್ಲುವ ಸಂಭವ ಹೆಚ್ಚು.

ಅಜ್ಜಿಯರೇ, ಆ ವಾರಗಳ ಲೆಕ್ಕ ಗಮನಿಸಿ. ಆರರಿಂದ ಒಂಬತ್ತನೇ ವಾರ. ಎಷ್ಟೋ ಸೊಸೆಯಂದಿರಿಗೆ ಆಗಿನ್ನೂ ತಾವು ಬಸುರಿ ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ಪುಟ್ಟನ ಮನೆಯಲ್ಲೂ ನೆಂಟರೊಬ್ಬರು ಗ್ರಹಣದ ಮಾತು ತೆಗೆದರು. ಅವನ ಅಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಈ ವಾರಗಳ ಲೆಕ್ಕ ಹೇಳಿದಾಗ ಅಜ್ಜಿ ಎದ್ದು ಹೋಗಿ ಸೊಸೆಯ ಕೈ ಹಿಡಿದುಕೊಂಡರು. "ಕೇಳಿದ್ಯೇನೇ? ನಿನ್ನ ತಪ್ಪಲ್ಲವಂತೆ" ಅಂದರು. ಅಷ್ಟೇ. ಆದರೆ ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮಗನ ನೋವಿನ ಜೊತೆಗೆ ಈ ಭಾರವನ್ನೂ ಒಳಗೇ ಹೊತ್ತಿದ್ದಳು ಅಂತ ಕಾಣುತ್ತದೆ.

ಪುಟ್ಟನಿಗೆ ನಾನು ಬೇರೆ ರೀತಿ ಹೇಳಿಕೊಟ್ಟೆ. ಕ್ಲಿನಿಕ್ಕಿನಲ್ಲಿ ಒಂದು ಪ್ಲಾಸ್ಟಿಕ್ ಆಲಿಕೆ ಇತ್ತು. ಅದರ ಮೂತಿಗೆ ಅರ್ಧ ಮುಚ್ಚುವ ಹಾಗೆ ಹತ್ತಿ ತುರುಕಿ ಅವನ ಕೈಗೆ ಕೊಟ್ಟೆ. "ಮೆಲ್ಲಗೆ ನೀರು ಹಾಕು" ಅಂದೆ. ಹನಿ ಹನಿಯಾಗಿ ಇಳಿಯಿತು, ತೊಂದರೆ ಇಲ್ಲ. "ಈಗ ಒಂದು ಚೊಂಬು ನೀರು ಒಟ್ಟಿಗೆ ಸುರಿ." ಆಲಿಕೆ ತುಂಬಿ ಮೇಜಿನ ಮೇಲೆಲ್ಲ ಚೆಲ್ಲಿತು. ಪುಟ್ಟ ಕಣ್ಣರಳಿಸಿ, "ಪಾನಕ!" ಅಂದ. ಹೌದು, ಅಷ್ಟೇ ವಿಷಯ. ನಿಮ್ಮ ಮನೆಯಲ್ಲೂ ಬಚ್ಚಲಲ್ಲಿ ಇಟ್ಟುಕೊಂಡು ಮಾಡಿ ನೋಡಿ. ನಮ್ಮ ಹೊಟ್ಟೆಯೊಳಗಿನ ಆಲಿಕೆಗೆ ಹೊರಗೆ ಚೆಲ್ಲುವುದಕ್ಕೆ ಜಾಗವಿಲ್ಲ. ಅದು ಊದುತ್ತದೆ. ಊದಿದಾಗ ನೋವು. ಹೀಗೇ ತಿಂಗಳು ವರ್ಷ ಊದುತ್ತಿದ್ದರೆ ಹಿಂದಿರುವ ಜರಡಿಗಳನ್ನು ಒತ್ತಿ ಒತ್ತಿ ತೆಳ್ಳಗೆ ಮಾಡುತ್ತದೆ. ಕಡೆಗೆ ಆ ಕಿಡ್ನಿ ಸದ್ದಿಲ್ಲದೆ ಕೆಲಸ ನಿಲ್ಲಿಸಬಹುದು.

ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಕಾಗದ ಬರೆದು ಕಳಿಸಿದೆ. ಅಲ್ಲಿ ರೀನೋಗ್ರಾಮ್ ಅನ್ನುವ ಪರೀಕ್ಷೆ ಮಾಡಿದರು. ಕೈಯ ರಕ್ತನಾಳಕ್ಕೆ ಬಹಳ ಸ್ವಲ್ಪ ವಿಕಿರಣ ಇರುವ ಔಷಧಿ ಕೊಡುತ್ತಾರೆ. ಅದು ಕಿಡ್ನಿಗೆ ಬಂದು ಮೂತ್ರದ ಜೊತೆ ಇಳಿಯುವುದನ್ನು ಕ್ಯಾಮೆರಾ ನೋಡುತ್ತದೆ. ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ಎಲ್ಲಿ ನಿಂತಿದೆ, ಎರಡೂ ತಿಳಿಯುತ್ತದೆ. ಎರಡೂ ಕಿಡ್ನಿ ಚೆನ್ನಾಗಿದ್ದರೆ ಕೆಲಸ ಹೆಚ್ಚು ಕಡಿಮೆ ಅರ್ಧ ಅರ್ಧ. ಪುಟ್ಟನ ಎಡಗಡೆಯದು ನೂರಕ್ಕೆ 34 ಮಾತ್ರ ಮಾಡುತ್ತಿತ್ತು. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರೂ ಔಷಧಿ ಆಲಿಕೆಯಲ್ಲೇ ನಿಂತಿತ್ತು. ಆಪರೇಷನ್ ಬೇಕೇ ಬೇಕು ಅಂದರು.

ಆ 34 ಅನ್ನುವ ಅಂಕಿ ನೋಡಿ ನನಗೆ ನಿದ್ದೆ ಬರಲಿಲ್ಲ. ದೀಪಾವಳಿಯಲ್ಲೇ ಹಿಡಿದಿದ್ದರೆ ಎಷ್ಟಿರುತ್ತಿತ್ತೋ ಅನ್ನುವ ಪ್ರಶ್ನೆ ಬಿಡಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ ಶುರುವಾಯಿತು. ಒಬ್ಬರು, ಇದು ಕಲ್ಲು, ಬಾಳೆದಿಂಡಿನ ರಸ ಕುಡಿಸಿ ಅಂದರು. ಇನ್ನೊಬ್ಬರು ತಾಯತ ಕಟ್ಟಿಸಿ ಅಂದರು. ಅಪ್ಪ, ಪರೀಕ್ಷೆ ಮುಗಿದು ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ ಅಂದರು. ಬಾಳೆದಿಂಡು ಒಳ್ಳೆಯ ತರಕಾರಿ, ಪಲ್ಯ ಮಾಡಿ ತಿನ್ನಿ. ಆದರೆ ಕಿರಿದಾಗಿ ಹುಟ್ಟಿದ ಕೊಳವೆಯನ್ನು ಯಾವ ರಸವೂ ಅಗಲ ಮಾಡಲಾರದು. ಬದಲಿಗೆ ರಸ ಜಾಸ್ತಿ ಕುಡಿಸಿದರೆ ಮತ್ತೆ ಪಾನಕದ ಕಥೆಯೇ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಪುಟ್ಟ ಒಬ್ಬನೇ ನನ್ನ ಕ್ಲಿನಿಕ್ಕಿಗೆ ಬಂದ. ಬಾಗಿಲ ಹತ್ತಿರವೇ ನಿಂತು ಕೇಳಿದ. "ಡಾಕ್ಟರ್ ತಾತ, ನನ್ನ ಕಿಡ್ನಿ ತೆಗೆದುಬಿಡ್ತಾರಾ? ಎರಡೂ ಅಂಟಿಕೊಂಡಿವೆಯಲ್ಲ, ಒಂದು ತೆಗೆದರೆ ಇನ್ನೊಂದೂ ಬಂದುಬಿಡುತ್ತಾ?"

ಒಳಗೆ ಕರೆದು ಕೂರಿಸಿಕೊಂಡೆ. "ಇಲ್ಲ ಪುಟ್ಟ. ಅಂಟಿದ್ದನ್ನು ಮುಟ್ಟುವುದೇ ಇಲ್ಲ. ಒಂದು ಕಾಲದಲ್ಲಿ ಅದನ್ನು ಬಿಡಿಸುತ್ತಿದ್ದರು. ಆಮೇಲೆ ಅದರ ಅಗತ್ಯವಿಲ್ಲ ಅಂತ ಗೊತ್ತಾಯಿತು. ಕಿರಿದಾದ ಜಾಗ ಅರ್ಧ ಅಂಗುಲದಷ್ಟು ಇರಬಹುದು. ಅದನ್ನು ಮಾತ್ರ ತೆಗೆದು, ಕೊಳವೆಯನ್ನು ಆಲಿಕೆಗೆ ಮತ್ತೆ ಹೊಲಿಯುತ್ತಾರೆ. ನಿನ್ನ ಕಿಡ್ನಿ ಉಳಿಸುವುದಕ್ಕೇ ಈ ಆಪರೇಷನ್" ಅಂದೆ. ಆಮೇಲೆ ಇನ್ನೊಂದು ಮಾತು ಹೇಳುವುದಿತ್ತು. "ಸಂಕ್ರಾಂತಿಯಲ್ಲಿ ನಿನ್ನನ್ನು ಕಳ್ಳ ಅಂದೆ. ನೀನು ನಿಜ ಹೇಳಿದ್ದೆ. ತಪ್ಪು ನನ್ನದು." ಅವನು ತಲೆ ಎತ್ತಿ ನೋಡಿದ. "ಪರವಾಗಿಲ್ಲ ತಾತ" ಅಂದು ಜೇಬಿನಿಂದ ಒಂದು ಕೊಬ್ಬರಿ ಮಿಠಾಯಿ ತೆಗೆದು ಕೊಟ್ಟ. ನನಗೆ ಸಕ್ಕರೆ ಕಾಯಿಲೆ. ಆದರೂ ತಿಂದೆ.

ಈ ಆಪರೇಷನ್ನಿಗೆ ಪೈಲೋಪ್ಲಾಸ್ಟಿ ಅಂತ ಹೆಸರು. ಇದರ ಹಿಂದೆ ಬಹಳ ಜನರ ಶ್ರಮವಿದೆ. 1886ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ಶಸ್ತ್ರವೈದ್ಯರು ಮೊದಲ ಪ್ರಯತ್ನ ಮಾಡಿದರು, ರೋಗಿ ಉಳಿಯಲಿಲ್ಲ. 1891ರಲ್ಲಿ ಅದೇ ದೇಶದ ಕ್ಯೂಸ್ಟರ್ ಗೆದ್ದರು. ಇವತ್ತು ಪ್ರಪಂಚದ ಎಲ್ಲೆಡೆ ಹೆಚ್ಚಾಗಿ ಮಾಡುವ ವಿಧಾನವನ್ನು 1949ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಆಂಡರ್ಸನ್ ಮತ್ತು ಹೈನ್ಸ್. ಆಂಡರ್ಸನ್ ಮೂತ್ರಾಂಗಗಳ ಶಸ್ತ್ರವೈದ್ಯರು, ಹೈನ್ಸ್ ಪ್ಲಾಸ್ಟಿಕ್ ಸರ್ಜನ್. ಒಬ್ಬರಿಗೆ ಕಿಡ್ನಿ ಗೊತ್ತು, ಇನ್ನೊಬ್ಬರಿಗೆ ನಾಜೂಕಾಗಿ ಹೊಲಿಯುವುದು ಗೊತ್ತು. ಇಬ್ಬರೂ ಸೇರಿದ್ದಕ್ಕೆ ಕೆಲಸ ಕೈಗೂಡಿತು.

ಹೇಗೆ ಮಾಡುತ್ತಾರೆ? ಮಗುವಿಗೆ ಅರಿವಳಿಕೆ ಕೊಡುತ್ತಾರೆ, ನಿದ್ದೆಯಲ್ಲಿ ಏನೂ ತಿಳಿಯುವುದಿಲ್ಲ. ಹೊಟ್ಟೆಯ ಮೇಲೆ ಒಂದು ಚಿಕ್ಕ ಗಾಯ ಮಾಡಿ, ಅಥವಾ ಎರಡು ಮೂರು ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಕೆಲಸ ಮಾಡುತ್ತಾರೆ. ಕಿರಿದಾದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ಕೊಳವೆಯ ಬಾಯಿಯನ್ನು ನೇರ ಹೊಲಿದರೆ ಮತ್ತೆ ಕಿರಿದಾಗುತ್ತದೆ. ಅದಕ್ಕೆ ಕೊಳವೆಯ ಬಾಯನ್ನು ಸ್ವಲ್ಪ ಉದ್ದಕ್ಕೆ ಸೀಳಿ ಅಗಲ ಮಾಡುತ್ತಾರೆ. ಹಿಂದಿನ ಕಾಲದ ಲಾಳದ ಕಡ್ಡಿಯ ಲೇಖನಿಯನ್ನು ಓರೆಯಾಗಿ ಕೆತ್ತುತ್ತಿದ್ದದ್ದು ಅಜ್ಜಂದಿರಿಗೆ ನೆನಪಿರಬಹುದು, ಹೆಚ್ಚು ಕಡಿಮೆ ಹಾಗೆ. ಆ ಅಗಲ ಬಾಯಿಯನ್ನು ಆಲಿಕೆಯ ತೀರ ತಳಕ್ಕೆ, ನೀರು ತಾನೇ ಇಳಿಯುವ ಜಾಗಕ್ಕೆ ಕೂಡಿಸಿ ಹೊಲಿಯುತ್ತಾರೆ. ದಾರ ನಮ್ಮ ತಲೆಗೂದಲಿನಷ್ಟು ಸಣ್ಣ. ಕೆಲವು ವಾರಗಳಲ್ಲಿ ಮೈಯೊಳಗೇ ಕರಗಿಹೋಗುತ್ತದೆ.

ಹೊಲಿಗೆ ಕೂಡುವ ತನಕ ಒಳಗೆ ಸ್ಟೆಂಟ್ ಅನ್ನುವ ಮೆತ್ತನೆಯ ನಳಿಗೆ ಇಡುತ್ತಾರೆ. ಜಾರದಂತೆ ಅದರ ಎರಡು ತುದಿಯೂ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಇದನ್ನು ಕೇಳಿ ಪುಟ್ಟ ಆಸ್ಪತ್ರೆಯ ಹಾಸಿಗೆಯಲ್ಲೇ ನಕ್ಕನಂತೆ, ನಕ್ಕರೆ ಗಾಯ ನೋಯುತ್ತದೆ ಅಂತ ಮತ್ತೆ ಬಾಯಿ ಮುಚ್ಚಿಕೊಂಡನಂತೆ. ಆಪರೇಷನ್ ಹಿಡಿದದ್ದು ಮೂರು ಗಂಟೆ. ಹೊರಗಿನ ಬೆಂಚಿನ ಮೇಲೆ ಅಜ್ಜಿ ಒಂದು ತೊಟ್ಟು ನೀರೂ ಕುಡಿಯದೆ ಕೂತಿದ್ದರು. ಐದನೇ ದಿನ ಊರಿಗೆ ಬಂದರು. ಆರು ವಾರದ ಮೇಲೆ ಮತ್ತೆ ಹೋಗಿ ಸ್ಟೆಂಟ್ ತೆಗೆಸಿಕೊಂಡು ಬಂದರು. ಅದಕ್ಕೆ ಗಾಯ ಮಾಡುವುದಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಹಾಕಿ ತೆಗೆಯುತ್ತಾರೆ. ಸ್ಟೆಂಟ್ ಇದೆ ಅನ್ನುವುದನ್ನು ಮನೆಯವರು ಮರೆಯಬಾರದು. ನೋವು ಹೋಯಿತಲ್ಲ ಅಂತ ಒಳಗೇ ಬಿಟ್ಟರೆ ಅದರ ಮೇಲೆ ಕಲ್ಲು ಕಟ್ಟುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ ಅಂದಿದ್ದೆ. ಅಜ್ಜಿ ಹಬ್ಬದ ಲೆಕ್ಕದಲ್ಲೇ ನೆನಪಿಟ್ಟುಕೊಂಡಿದ್ದರು.

ಈ ಆಪರೇಷನ್ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಲ್ಲಿ ಫಲ ಕೊಡುತ್ತದೆ. ಆದರೆ ಒಂದು ಸತ್ಯ ಹೇಳಬೇಕು. ಕಳೆದುಹೋದ ಜರಡಿಗಳು ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ಉಳಿಸುವುದೇ ಗುರಿ. ಕೆಲವು ತಿಂಗಳ ಮೇಲೆ ಪುಟ್ಟನಿಗೆ ಮತ್ತೆ ರೀನೋಗ್ರಾಮ್ ಮಾಡಿದಾಗ 37 ಬಂತು. ಐವತ್ತು ಆಗಲಿಲ್ಲ. ಆದರೆ ಕಟ್ಟಿದ್ದು ಬಿಟ್ಟಿತ್ತು, ಇಳಿಕೆ ನಿಂತಿತ್ತು. ಬಲಗಡೆಯದು ತಮ್ಮನ ಪಾಲಿನ ಕೆಲಸವನ್ನೂ ಮಾಡುವ ಅಣ್ಣನ ಹಾಗೆ ನಿಂತಿತ್ತು.

ಅಜ್ಜ ಅಜ್ಜಿಯರೇ, ಈಗ ನಿಮಗೆ ಕೆಲವು ಮಾತು. ಮಕ್ಕಳ ಹೊಟ್ಟೆನೋವು ಬಹುಪಾಲು ಸಾಧಾರಣವಾದದ್ದೇ, ಹೆದರಬೇಡಿ. ಆದರೆ ಒಂದೇ ಥರದ ನೋವು ವಾಂತಿಯ ಜೊತೆ ಮತ್ತೆ ಮತ್ತೆ ಬಂದರೆ, ಅದರಲ್ಲೂ ಹೆಚ್ಚು ಕುಡಿದ ದಿನ ಬಂದರೆ, ಯಾವ ದಿನ, ಏನು ಕುಡಿದ, ಎಷ್ಟು ಹೊತ್ತು ಇತ್ತು ಅಂತ ಬರೆದಿಟ್ಟು ವೈದ್ಯರಿಗೆ ಹೇಳಿ. ನೆಗಡಿ ಕೆಮ್ಮು ಇಲ್ಲದೆ ಚಳಿಜ್ವರ ಬಂದು ಮೂತ್ರ ಉರಿದರೆ, ಸಣ್ಣದಾಗಿ ಬಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಎಳೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ನೀವೇ. ಹೊಟ್ಟೆಯ ಒಂದು ಪಕ್ಕದಲ್ಲಿ ಗಡ್ಡೆಯಂತೆ ಕೈಗೆ ಸಿಕ್ಕರೆ ಒತ್ತಿ ನೋಡಬೇಡಿ, ವೈದ್ಯರಿಗೆ ತೋರಿಸಿ. ಗಂಡುಕೂಸು ಧಾರೆಯಾಗಿ ಮೂತ್ರ ಮಾಡದೆ ಹನಿ ಹನಿ ಮಾಡುತ್ತಿದ್ದರೆ ಅದೂ ಬೇರೆ ಥರದ ಅಡಚಣೆ ಇರಬಹುದು, ಅವತ್ತೇ ಕರೆದುಕೊಂಡು ಹೋಗಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ, ಎರಡೂ ಸರ್ಕಾರದವೇ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ.

ಮತ್ತೆ, ಈ ಕಥೆ ಓದಿ ಮಕ್ಕಳಿಗೆ ನೀರು ಕಡಿಮೆ ಕೊಡಬೇಡಿ! ಆರೋಗ್ಯವಾಗಿರುವ ಮಕ್ಕಳು ಚೆನ್ನಾಗಿ ನೀರು ಕುಡಿಯಬೇಕು. ಶಾಲೆಯ ಶೌಚಾಲಯ ಸರಿಯಿಲ್ಲ ಅಂತ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳು ಎಷ್ಟೋ ಇದ್ದಾರೆ. ಹಾಗೆ ಮಾಡಬೇಡಿ ಮಕ್ಕಳೇ. ಮೇಷ್ಟ್ರಿಗೆ ಹೇಳಿ, ಅವರು ಕೇಳದಿದ್ದರೆ ತಾತನನ್ನು ಶಾಲೆಗೆ ಕರೆದುಕೊಂಡು ಹೋಗಿ.

ಕಾಗದ ಬರೆದ ಪುಟ್ಟಿ, ಈಗ ನಿನ್ನ ಉತ್ತರ. ಹುಟ್ಟುವ ಮುಂಚೆ ಸ್ಕ್ಯಾನಿನಲ್ಲಿ ಕಿಡ್ನಿ ಊದಿದಂತೆ ಕಾಣುವ ಪಾಪುಗಳು ಬೇಕಾದಷ್ಟು ಇವೆ. ಊತ ಸ್ವಲ್ಪವೇ ಇದ್ದರೆ ಬಹುಪಾಲು ಪಾಪುಗಳಲ್ಲಿ ಅದು ತಾನೇ ಇಳಿಯುತ್ತದೆ, ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ. ಪಾಪು ಹುಟ್ಟಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ ಮಾಡುತ್ತಾರೆ, ಮೊದಲ ದಿನ ಪಾಪು ಮೂತ್ರ ಮಾಡುವುದೇ ಕಡಿಮೆ, ಊತ ಸರಿಯಾಗಿ ಕಾಣುವುದಿಲ್ಲ. ಎರಡೂ ಕಡೆ ಊದಿದ್ದರೆ ಕಾಯದೆ ಬೇಗ ನೋಡುತ್ತಾರೆ. ನಿಮ್ಮ ಪಾಪುವಿನದು ಒಂದೇ ಕಡೆ ಅಂತ ಬರೆದಿದ್ದೀಯ, ಇನ್ನೊಂದು ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ನಿನಗೆ ಒಂದು ಕೆಲಸ ಕೊಡುತ್ತೇನೆ. ಡಾಕ್ಟರ್ ಹೇಳಿದ ಸ್ಕ್ಯಾನಿನ ತಾರೀಖುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಮನೆಯವರಿಗೆ ನೆನಪಿಸು. ಪಾಪು ಚೆನ್ನಾಗಿ ಕಾಣುತ್ತಿದೆ, ಇನ್ನೇಕೆ ಸ್ಕ್ಯಾನ್ ಅಂತ ಯಾರಾದರೂ ಅಂದರೆ ಬಿಡಬೇಡ.

ಪುಟ್ಟ ಏನಾದ ಅಂತ ಕೇಳುತ್ತೀರಲ್ಲವೇ? ಅವನಿಗೆ ಕಬಡ್ಡಿ ಅಂದರೆ ಪ್ರಾಣ. ಲಾಳದ ಕಿಡ್ನಿಯ ಅಂಟಿದ ಭಾಗ ಬೆನ್ನುಮೂಳೆಯ ಮುಂದೆ ಇರುವುದರಿಂದ ಹೊಟ್ಟೆಗೆ ಜೋರಾಗಿ ಪೆಟ್ಟು ಬೀಳುವ ಆಟದಲ್ಲಿ ಎಚ್ಚರ ಇರಲಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಓಟಕ್ಕೆ ಸೇರಿದ. ಈಗ ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ವರ್ಷಕ್ಕೊಮ್ಮೆ ಸ್ಕ್ಯಾನ್, ರಕ್ತದೊತ್ತಡ, ಮೂತ್ರದ ಪರೀಕ್ಷೆ ತಪ್ಪಿಸುವುದಿಲ್ಲ.

ಹೋದ ರಾಮನವಮಿಗೆ ಆ ಊರಿಗೆ ಹೋಗಿದ್ದೆ. ದೇವಸ್ಥಾನದ ಮುಂದೆ ಸೌಟು ಹಿಡಿದು ಪಾನಕ ಹಂಚುತ್ತಿದ್ದವನು ಅವನೇ. ನನಗೂ ಒಂದು ಲೋಟ ತಂದುಕೊಟ್ಟ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದರೂ ನನ್ನ ದನಿ ಹಿಡಿದು ಕೂಗಿದರು.

"ಡಾಕ್ಟ್ರೇ, ನಮ್ಮ ಹುಡುಗ ಬೆಳಗಿಂದ ನಾಲ್ಕು ಲೋಟ ಕುಡಿದವ್ನೆ. ನಾನು ಎಣಿಸ್ತಾನೇ ಇದೀನಿ!"